ನಾಲ್ಕಿಂಚು ಎತ್ತರದ ಜೀಪು

ಎರಡು ವರ್ಷದ ಹಿಂದಿನ ಮಾತು. ಕೋಲಾರದಲ್ಲಿ ಗಾಡಿಗಳ ಸಸ್ಪೆನ್ಷನ್, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೆಲಸಕ್ಕೆಂದೇ ನಾನು ವರ್ಕ್‌ಶಾಪ್ ಇಟ್ಟು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಲಾರಿ, ಟ್ರೇಲರ್, ಶ್ರೀನಿವಾಸಪುರದಿಂದ ಮಾವು ಹೊರುವ ಟೆಂಪೋ, ಯಾವುದೂ ನನ್ನ ತಲೆ ತಿಂದಿರಲಿಲ್ಲ. ತಿಂದದ್ದು ಮುಳಬಾಗಿಲಿನ ಆಡಿಟರ್ ಮೂರ್ತಿಯವರ ಹಳೆಯ ಫೋರ್ ವೀಲ್ ಡ್ರೈವ್ ಜೀಪು.

ಅವರಿಗೆ ಲಿಫ್ಟ್ ಕಿಟ್ ಹಾಕಿಸಬೇಕಿತ್ತು. ಗಾಡಿಯ ಮೈಯನ್ನು ಆಕ್ಸಲ್‌ನಿಂದ ಇನ್ನಷ್ಟು ಮೇಲೆತ್ತಿ ನಿಲ್ಲಿಸುವ ಭಾಗಗಳಿಗೆ ಆ ಹೆಸರು. ಬಂಡೆ, ಹಳ್ಳ ದಾಟುವಾಗ ಅಡಿ ತಗುಲದಿರಲಿ ಎಂದು ಹಾಕಿಸುತ್ತಾರೆ. ಮಾತಿಗೆ ಬರುವಾಗಲೆಲ್ಲ ಜೀಪು ತರದೆ ಬರುತ್ತಿದ್ದರು. ಮೊದಲ ದಿನ ಎರಡಿಂಚು ಅಂದರು. ಮುಂದಿನ ವಾರ ಫೋನಿನಲ್ಲಿ ವಿಡಿಯೋ ತೋರಿಸಿ ಮೂರು ಅಂದರು. ಕೊನೆಗೆ ನಾಲ್ಕಕ್ಕೆ ನಿಂತರು. ಒಂದು ಸ್ಪ್ರಿಂಗ್ ತರಿಸೋಣ ಎನ್ನುವಷ್ಟರಲ್ಲಿ ಅವರ ಗೆಳೆಯರಲ್ಲಿ ಯಾರೋ ಇನ್ನೊಂದನ್ನು ಹೊಗಳಿರುತ್ತಿದ್ದರು.

"ಸಾರ್, ಗಾಡಿ ಓಡೋದು ಎಲ್ಲಿ? ಓಡಿಸೋರು ಯಾರು?" ಎಂದು ಕೇಳಿದೆ.

"ಎಲ್ಲಾ ಕಡೆನೂ ಓಡುತ್ತೆ ಕಣ್ರೀ. ನಂದೇ ಗಾಡಿ, ಇನ್ಯಾರು ಓಡಿಸ್ತಾರೆ?"

ನಾಲ್ಕಿಂಚು ಎತ್ತಬೇಕಾದರೆ ಸ್ಪ್ರಿಂಗ್ ಬದಲಿಸಿದರೆ ಸಾಲದು. ಶಾಕ್ ಅಬ್ಸಾರ್ಬರ್ ಉದ್ದ ಬೇಕು, ಚಕ್ರಕ್ಕೆ ಬ್ರೇಕ್ ಎಣ್ಣೆ ಒಯ್ಯುವ ಹೋಸ್ ಪೈಪೂ ಉದ್ದ ಬೇಕು. ತೂಕ ಮೇಲೇರಿದ ಗಾಡಿ ತಿರುವಿನಲ್ಲಿ ವಾಲುತ್ತದೆ. ಎಲ್ಲಾ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು. "ನೀವು ಹಳೇ ಕಾಲದೋರು" ಎಂದು ಎದ್ದು ಹೋದವರು ಮಾಲೂರಿನ ಕಡೆ ಯಾರಲ್ಲೋ ಬರೀ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡರು. ಪೀಡೆ ಕಳೆಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ಫೋನು. "ಅಣ್ಣಾ, ನಾನು ಆಡಿಟರ್ ಮೂರ್ತಿಯವರ ಹೆಂಡತಿ, ವಸುಧಾ. ಅವರು ನಿಮ್ಮ ಹತ್ರ ಬರ್ತಿದ್ದಾಗ ನಂಬರ್ ಇಟ್ಕೊಂಡಿದ್ದೆ. ತಾಯಲೂರಿನ ಹತ್ರ ಕೆರೆ ಕಟ್ಟೆ ಮೇಲಿದೀನಿ. ಬ್ರೇಕ್ ಹಿಡೀತಿಲ್ಲ. ಸ್ವಲ್ಪ ಬರ್ತೀರಾ?"

ಹೋಗಿ ನೋಡಿದೆ. ಜೀಪಿನ ಮುಂದಿನ ಎಡಚಕ್ರ ಕಟ್ಟೆಯ ಅಂಚಿಗೆ ಬಂದು ನಿಂತಿತ್ತು. ಕೆಳಗೆ ತುಂಬಿದ ಕೆರೆ. ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಹೋಸ್ ಪೈಪ್ ಜಗ್ಗಿ ಹರಿದು, ಎಣ್ಣೆಯೆಲ್ಲಾ ಸೋರಿಹೋಗಿತ್ತು. ಪೆಡಲ್ ನೆಲಕ್ಕೆ ತಾಗಿದ್ದೇ ತಡ, ಆಕೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರು. ಆಕೆ ದನದ ಡಾಕ್ಟರು. ಲಸಿಕೆಯ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು.

"ಸಾರ್ ಎಲ್ಲಿ ಮೇಡಮ್?"

"ಆಫೀಸಲ್ಲಿ. ಅವರೇನು ಈ ಗಾಡಿ ಓಡಿಸ್ತಾರಾ? ಅವರಿಗೆ ಲೈಸೆನ್ಸೇ ಇಲ್ಲ ಅಣ್ಣಾ. ಭಾನುವಾರ ಪಕ್ಕದಲ್ಲಿ ಕೂತು ಫೋಟೋ ತೆಗೆಸ್ಕೋತಾರೆ, ಅಷ್ಟೆ. ದಿನಾ ಹಳ್ಳಿಗೆ ಹೋಗೋಳು ನಾನು. ಈ ಎತ್ತರಕ್ಕೆ ಪೆಟ್ಟಿಗೆ ಹಿಡ್ಕೊಂಡು ನೀವೇ ಹತ್ತಿ ನೋಡಿ!"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟು ವಾರ ನಾನು ಗಂಟಲು ಹರಿದುಕೊಂಡದ್ದು ಸ್ಟೇರಿಂಗ್ ಮುಟ್ಟದ ಮನುಷ್ಯನ ಜೊತೆ.

ಬೇರೆ ಹೋಸ್ ಹಾಕಿ ಗಾಡಿಯನ್ನು ವರ್ಕ್‌ಶಾಪಿಗೆ ತಂದೆ. ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು. ಹರಿದ ಪೈಪನ್ನು ಮೂರ್ತಿಯವರ ಕೈಗಿಟ್ಟು, ಕಟ್ಟೆಯ ಮೇಲೆ ಕಂಡದ್ದನ್ನು ಹೇಳಿದೆ. ಮುಖ ಬಿಳಿಚಿಕೊಂಡಿತು. ಆಮೇಲೆ ನಾನು ಮಾತಾಡಿದ್ದು ಆಕೆಯ ಜೊತೆ. ಎಷ್ಟು ಭಾರ ಹೇರುತ್ತೀರಿ, ಯಾವ ದಾರಿ, ಅಡಿ ಎಲ್ಲಿ ತಗುಲುತ್ತೆ? ತಂದ ಕಾಫಿ ಆರುವಷ್ಟರಲ್ಲಿ ತೀರ್ಮಾನವಾಯಿತು: ಒಂದೂವರೆ ಇಂಚು ಎತ್ತುವ ಸ್ಪ್ರಿಂಗು, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್, ಉದ್ದದ ಹೋಸ್, ಹತ್ತಲು ಬಾಗಿಲ ಕೆಳಗೊಂದು ಮೆಟ್ಟಿಲು.

ಮೂರ್ತಿಯವರು ಗಂಟಲು ಸರಿಮಾಡಿಕೊಂಡು, "ಎರಡೂವರೆ ಆದ್ರೂ..." ಎಂದರು.

"ಮೊದಲು ಲೈಸೆನ್ಸ್ ಮಾಡಿಸ್ಕೊಳ್ಳಿ, ಆಮೇಲೆ ಮಾತಾಡೋಣ," ಎಂದರು ಡಾಕ್ಟರ್.

ಸ್ಪ್ರಿಂಗ್ ಯಾವುದು ಎನ್ನುವುದಕ್ಕಿಂತ ಮೊದಲು ಸೀಟಿನಲ್ಲಿ ಕೂರುವವರು ಯಾರು ಎಂದು ಕಣ್ಣಾರೆ ನೋಡಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಈಗ ಲಿಫ್ಟ್ ಕಿಟ್ ಕೇಳಿಕೊಂಡು ಬಂದವರಿಗೆ ಬಾಯಿಮಾತಿನ ಪ್ರಶ್ನೆ ಹಾಕುವುದಿಲ್ಲ. ಅವರ ಗಾಡಿಯ ಕೀಯನ್ನೇ ಅವರ ಕೈಗೆ ಕೊಟ್ಟು, "ಒಂದು ಸುತ್ತು ಓಡಿಸಿ ತೋರಿಸಿ" ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಮೊನ್ನೆ ಒಬ್ಬರು ಕೀ ಹಿಡಿದುಕೊಂಡೇ ಡ್ರೈವರನ್ನು ಕರೆಯಲು ಹೊರಗೆ ಹೋದರು.