ಎದೆಯ ಮೇಲಿಟ್ಟ ಕೈ

ಮಾರ್ಗಿಲಾನ್ ಊರಿನಲ್ಲಿ ಎಲ್ಲರೂ ಎದೆಗೆ ಕೈಯಿಟ್ಟೇ ಸಲಾಮು ಹೇಳುತ್ತಾರೆ. ಆದರೆ ಖೊಲ್ಮುರೊದ್ ಇಟ್ಟ ಕೈ ತೆಗೆಯುವಷ್ಟರಲ್ಲಿ ಚಹಾ ಆರಿ, ಎದುರಿಗಿದ್ದವನಿಗೆ ಗಡ್ಡ ಬೆಳೆದಿರುತ್ತಿತ್ತು. ಹೃದಯದ ಕವಾಟ ಬದಲಿಸಿಕೊಂಡು ಹನ್ನೆರಡು ವರ್ಷವಾದರೂ ಅವನು ಒಂದು ಖರಬೂಜ ಎತ್ತಿದವನಲ್ಲ, ನಗುವುದಾದರೂ ಅರ್ಧವೇ. “ಎಂಥಾ ವಿನಯ!” ಎಂದು ಕೇರಿಯೇ ಹೊಗಳುತ್ತಿತ್ತು. ಅವನು ಮಿಡಿತ ಎಣಿಸುತ್ತಿದ್ದಾನೆಂಬುದು ಹೆಂಡತಿ ಸಬೋಹತ್‌ಗೆ ಮಾತ್ರ ಗೊತ್ತಿತ್ತು. ಮೊನ್ನೆ ಚಹಾದಂಗಡಿಯ ಚದುರಂಗದಲ್ಲಿ, “ನನ್ ಕುದುರೆ ಎಲ್ಲೋ, ಕಳ್ಳ!” ಎಂದು ಎರಡೂ ಕೈ ಬೀಸಿ ಜಗಳಕ್ಕೆ ನಿಂತವನು, ಒಳಬಂದ ಹಿರಿಯರಿಗೆ ಬರಿಯ ತಲೆಯಾಡಿಸಿದ. ಹಿರಿಯರು ನೇರ ಅವನ ಮನೆಗೇ ಹೋದರು. “ನಿನ್ ಗಂಡಂಗೆ ಕೊಬ್ಬು ಬಂದಿದೆ ಕಣಮ್ಮಾ, ಎದೆಗೆ ಕೈಯನ್ನೇ ಇಡ್ಲಿಲ್ಲ!” “ನಿಜವಾಗ್ಲೂ ಅವ್ರು ಮರೆತ್ರಾ ಅಜ್ಜಾ?” ಎಂದು ಸಬೋಹತ್ ಮೂರು ಸಲ ಕೇಳಿ, ದೂರು ತಂದವರನ್ನು ಕೂರಿಸಿ ಹಬ್ಬದ ಪಲಾವು ಬಡಿಸಿದಳು.