ಉಜ್ಜಿ ಹೋದ ಎರಡಕ್ಷರ

ಅವರ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಯಾವಾಗಲೋ ಕಬ್ಬಿಣ ಕಡೆಯುವ ಲೇತ್‌ಗೆ ಸಿಕ್ಕಿ ಜಜ್ಜಿಹೋದದ್ದು. ಅದೇ ಬೆರಳಿನಿಂದ ಕಬ್ಬಿಣ ಸವರಿ ಕೂದಲೆಳೆಯಷ್ಟು ಏರುತಗ್ಗನ್ನೂ ಹೇಳಿಬಿಡುತ್ತಿದ್ದರು. ಎಡಗೈಯೋ ಬಲಗೈಯೋ? ಎರಡನ್ನೂ ಬರೆದು ಎರಡನ್ನೂ ಹೊಡೆದುಹಾಕಿದ್ದೇನೆ.

ಪರದೇಶದಲ್ಲಿ, ಮಿಲ್ಟನ್ ಎಂಬ ಊರಿನಲ್ಲಿ, ನಾನು ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅವರು ಉಡುಪಿ ಕಡೆಯವರು, ಬರ್ಲಿಂಗ್ಟನ್ನಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದು ನಿವೃತ್ತರಾದವರು. ಮೈಸೂರಿನವನಾದ ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಮದುವೆಯಾಗಿರಲಿಲ್ಲ. ಗರಾಜಿನಲ್ಲಿ ಕಾರಿನ ಬದಲು ಲೇತ್ ಇತ್ತು. ಆ ಮನೆಗೆ ಬರುತ್ತಿದ್ದದ್ದು ಒಬ್ಬನೇ: ಶನಿವಾರ ಶನಿವಾರ, ಹಳೆಯ ರೈಫಲೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಒಬ್ಬ ಬಿಳಿಯ ಮುದುಕ.

ಅಮೆರಿಕದ ಸಿಪಾಯಿಗಳು ಪಶ್ಚಿಮದ ಗಡಿಗಳಲ್ಲಿ ಹೊತ್ತು ತಿರುಗಿದ ಬಗೆಯ ರೈಫಲ್ ಅದು. ನಳಿಗೆಯ ಹಿಂದೆ ಡಬ್ಬಿಯ ಹಾಗೆ ಒಂದು ಮುಚ್ಚಳ. ಮಾಮ ಎತ್ತಿ ತೋರಿಸುತ್ತಿದ್ದರು. "ಮೊದಲು ಕೋಲು ಹಾಕಿ ಮದ್ದು ಜಡಿಯಬೇಕಿತ್ತು. ಆಮೇಲೆ ಇದು. ಮುಚ್ಚಳ ಎತ್ತು, ಹಿತ್ತಾಳೆ ತೋಟಾ ಇಡು, ಮುಚ್ಚು. ಅಷ್ಟೇ ಮಾರಾಯ."

ತೋಟಾಕ್ಕೆ ಹೊಡೆಯುವ ಪಿನ್ನು ಮುರಿದಿತ್ತು. ಹೊಸದನ್ನು ಮಾಮ ಲೇತ್‌ನಲ್ಲಿ ಕಡೆಯುತ್ತಿದ್ದರು. ಒಂದು ದಿನದ ಕೆಲಸವನ್ನು ತಿಂಗಳುಗಟ್ಟಲೆ ಎಳೆದರು.

"ಇಷ್ಟು ದಿನ ಬೇಕಾ ಮಾಮ?"

"ಬೇಡ. ಮುಗಿದರೆ ಅವ ಮತ್ತೆ ಎಂತಕ್ಕೆ ಬರುವುದು?"

ರೈಫಲಿನ ಮರದ ಹಿಡಿಯ ಮೇಲೆ ಯಾವನೋ ಸಿಪಾಯಿ ಚಾಕುವಿನಿಂದ ಗೀರಿದ ಎರಡು ಅಕ್ಷರಗಳಿದ್ದವು. ಮಾತಾಡುವಾಗ ಮುದುಕನ ಹೆಬ್ಬೆರಳು ಸದಾ ಅವುಗಳ ಮೇಲೆ.

ಆಯುಧಪೂಜೆಯ ವಾರ ಅವನು ಮೊದಲ ಸಲ ರೈಫಲನ್ನು ಮಾಮನ ಬಳಿ ಬಿಟ್ಟುಹೋಗಿದ್ದ. ಮಾಮ ಬೂದುಗುಂಬಳ ತರಲು ಹೊರಟರು. "ಎಲ್ಲ ಫಳಫಳ ಅನ್ಬೇಕು, ಆಯ್ತಾ?"

ಈ ಭಾಗವನ್ನು ಹಿಂದೊಮ್ಮೆ ಬರೆದಾಗ ಸ್ಯಾಂಡ್‌ಪೇಪರ್ ಮಾಮನ ಕೈಯಲ್ಲಿತ್ತು. ಓದಲು ಚೆನ್ನಾಗಿತ್ತು. ಸುಳ್ಳು. ಉಜ್ಜಿದವನು ನಾನು. ಸ್ಪ್ಯಾನರುಗಳು, ವೈಸು, ಆಮೇಲೆ ರೈಫಲ್. ಹಬ್ಬಕ್ಕೆ ಯಾರಾದರೂ ತುಕ್ಕು ಬಿಡುತ್ತಾರೆಯೇ? ನಳಿಗೆಯ ಹಳೆಯ ಕಂದುಬಣ್ಣವೆಲ್ಲ ಹೋಗಿ ಹೊಸ ಪಾತ್ರೆಯಂತಾಯಿತು. ಮರವನ್ನೂ ಬಿಡಲಿಲ್ಲ.

ಮಾಮ ಬಂದು ಕುಂಬಳಕಾಯಿ ಕೆಳಗಿಟ್ಟರು. ಚಪ್ಪಟೆ ಬೆರಳನ್ನು ಹಿಡಿಯ ಮೇಲೆ ಎರಡು ಸಲ ಓಡಿಸಿದರು. ಅವರ ಬೆರಳಿಗೂ ಏನೂ ಸಿಗಲಿಲ್ಲ.

"ಎಂತ ಮಾಡಿದೆ ನೀನು."

ಆಮೇಲೆ ಎಲ್ಲದರ ಜೊತೆ ಅದಕ್ಕೂ ಕುಂಕುಮ ಹಚ್ಚಿದರು.

ಶನಿವಾರ ಮುದುಕನ ಹೆಬ್ಬೆರಳು ತನ್ನ ಜಾಗ ಹುಡುಕಿತು. ಬಹಳ ಹೊತ್ತು ಹುಡುಕಿತು.

"ಹೂ ಡಿಡ್ ದಿಸ್?"

"ಮಿ," ಎಂದರು ಮಾಮ. "ಅವರ್ ಫೆಸ್ಟಿವಲ್."

ನಾನು ಚಹಾ ಹಿಡಿದು ಅಲ್ಲೇ ನಿಂತಿದ್ದೆ. ಅಥವಾ ಒಳಗಿನ ಮೆಟ್ಟಿಲ ಮೇಲಿದ್ದೆ. ಕೇಳಿಸಿದ್ದಂತೂ ಖಂಡಿತ, ಬಾಯಿ ಬಿಡದಿದ್ದದ್ದೂ. ಮುದುಕ ರೈಫಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಪಿನ್ನನ್ನು ಕೇಳಲೂ ಇಲ್ಲ.

"ನಂಬರ್ ಕೊಡಿ ಮಾಮ, ನಾನೇ ಅಂತ ಹೇಳ್ತೀನಿ," ಎಂದೆ, ಒಂದು ತಿಂಗಳಾದ ಮೇಲೆ.

"ಹೇಳಿದರೆ ಅಕ್ಷರ ವಾಪಸ್ ಬರ್ತದಾ? ಚಾ ಕುಡಿ."

ಆದರೂ ಶನಿವಾರಗಳಂದು ಗರಾಜಿನ ಬಾಗಿಲು ಅರ್ಧ ಎತ್ತಿರುತ್ತಿತ್ತು. ಹಿಮ ಒಳಗೆ ಬರುತ್ತಿತ್ತು. ಲೇತ್ ಪಕ್ಕದಲ್ಲಿ ಎರಡು ಲೋಟ. ಆ ಚಳಿಗಾಲದಲ್ಲಿ ಅವರು ಪಿನ್ನನ್ನು ಕಡೆದು ಮುಗಿಸಿದರು. ಇನ್ನು ಎಳೆಯಲು ಕಾರಣವಿರಲಿಲ್ಲ.

೨೦೧೯ರಲ್ಲಿ ಮಾಮ ತೀರಿಕೊಂಡರು. ಅವರ ಫೋನಿನಲ್ಲಿದ್ದ ಮುದುಕನ ನಂಬರಿಗೆ ಕರೆ ಮಾಡಿದೆ. ಆ ನಂಬರು ಚಾಲ್ತಿಯಲ್ಲಿರಲಿಲ್ಲ.

ಪಿನ್ನು ನನ್ನ ಬಳಿ ಇದೆ, ಮಾತ್ರೆಯ ಡಬ್ಬಿಯೊಂದರಲ್ಲಿ. ಆಯುಧಪೂಜೆಯ ದಿನ ತೆಗೆದು ದೇವರ ಮುಂದೆ ಇಡುತ್ತೇನೆ. ತುಕ್ಕು ಹಿಡಿಯತೊಡಗಿದೆ. ಒರೆಸುವುದಿಲ್ಲ.