ರೈಟಪ್ಪನ ವಿಶಲ್

ರೈಟಪ್ಪನಿಗೆ ಆ ಹೆಸರು ಬಂದದ್ದು ಬಸ್ಸಿನಿಂದ. ಕಂಡಕ್ಟರ್ ಕೆಲಸದಲ್ಲೇ ತಲೆ ನರೆಸಿಕೊಂಡವನು. ಬಸ್ಸು ಹೊರಡಿಸುವಾಗ ಎರಡು ಸಲ ವಿಶಲ್ ಊದಿ, ಅದು ಸಾಲದೆಂಬಂತೆ ಬಾಯಲ್ಲೂ ‘ರೈಟ್, ರೈಟ್’ ಅನ್ನುತ್ತಿದ್ದ. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಇವರು ‘ರೈಟ್’ ಅಂದುಬಿಟ್ಟರು ಎಂದು ಅವನ ಹೆಂಡತಿ ಈಗಲೂ ನಗುತ್ತಾಳೆ.

ನಿವೃತ್ತಿಯ ದಿನ ಅವನು ಚರ್ಮದ ಚೀಲವನ್ನೂ ಟಿಕೆಟ್ ಮೆಷಿನ್ನನ್ನೂ ಡಿಪೋಗೆ ಒಪ್ಪಿಸಿ ಬಂದ. ವಿಶಲ್ ಮಾತ್ರ ಸ್ವಂತದ್ದು. ಕಪ್ಪು ದಾರ ಕಟ್ಟಿದ ಆ ಹಿತ್ತಾಳೆಯ ವಿಶಲ್ ಅಂಗಿಯ ಜೇಬಿನಲ್ಲೇ ಉಳಿಯಿತು.

ಮಗಳು ಅದೇ ಡಿಪೋದಲ್ಲಿ ಡ್ರೈವರ್. ಅವನ ಸರ್ವೀಸಿನ ಕೊನೆಯ ವರ್ಷಗಳಲ್ಲಿ ಇಬ್ಬರಿಗೂ ಒಂದೇ ಬಸ್ಸು ಸಿಕ್ಕಿತ್ತು. ಮುಂದೆ ಮಗಳು, ಹಿಂದೆ ಅಪ್ಪ. ಒಂದು ವಿಶಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಹಿಂದಿನ ಬಾಗಿಲಲ್ಲಿ ಮುದುಕಿಯೊಬ್ಬಳ ಕಾಲು ಇನ್ನೂ ನೆಲದ ಮೇಲೇ ಇದ್ದರೆ ಅದು ಡ್ರೈವರಿಗೆ ಕಾಣುವುದಿಲ್ಲ. ಆದ್ದರಿಂದ ವಿಶಲ್ ಕೇಳಿದ ಮೇಲೆ ಯಾಕೆ, ಏನು ಎಂದು ಯೋಚಿಸುವಂತಿಲ್ಲ, ಕಾಲು ತಾನಾಗಿ ಬ್ರೇಕಿಗೆ ಹೋಗಬೇಕು. ಮಗಳ ಕಾಲು ಹಾಗೆಯೇ ಪಳಗಿತ್ತು.

“ನಾನು ಗಂಟಲು ಹರ್ಕೊಂಡ್ರೂ ಈ ಮನೇಲಿ ಒಂದು ಕಡ್ಡಿ ಅಲ್ಲಾಡಲ್ಲ. ಅಪ್ಪ ಒಂದು ವಿಶಲ್ ಊದಿದ್ರೆ ಮಗಳು ಕಂಬದ ಹಾಗೆ ನಿಂತ್ಬಿಡ್ತಾಳೆ” ಎಂದು ತಾಯಿ ಗೊಣಗುತ್ತಿದ್ದಳು.

ಇಂಥ ಮಗಳಿಗೆ ರೇಸಿನ ಹುಚ್ಚು ಹಿಡಿಸಿದವನು ಡಿಪೋದ ಮೆಕ್ಯಾನಿಕ್. ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಅವನು ಗುಜರಿಯಿಂದ ತಂದ ಹಳೆಯ ಕಾರೊಂದನ್ನು ರಜಾದಿನಗಳಲ್ಲಿ ಬಿಚ್ಚಿ, ಜೋಡಿಸಿ, ಒಳಗಿನ ಸೀಟು, ಕಿಟಕಿಯ ಗಾಜು ಎಲ್ಲ ಕಿತ್ತು ಹಗುರ ಮಾಡಿಟ್ಟಿದ್ದ. ಓಡಿಸಲು ಅವನ ಸೊಂಟ ಬಿಡುತ್ತಿರಲಿಲ್ಲ. “ಗೇರ್ ಹಾಕೋ ಕೈ ಅಂದ್ರೆ ನಿಂದೇ ಕಣಮ್ಮ. ಆದ್ರೆ ಒಂದು ಮಾತು. ಈ ಸೀಸನ್ ಮುಗಿಯೋದ್ರೊಳಗೆ ಒಂದು ಸಲ ಗೆಲ್ತಾ ಗೆಲ್ತಾ ಕೊನೇಗೆ ಉಳಿಯೋ ಎಂಟು ಜನರಲ್ಲಿ ಬಾ. ಬಂದ್ರೆ ಮುಂದಿನ ವರ್ಷಾನೂ ಗಾಡಿ ನಿಂದೇ. ಇಲ್ದಿದ್ರೆ ನಮ್ಮಕ್ಕನ ಮಗ ಆಗ್ಲೇ ಹೆಲ್ಮೆಟ್ ಹಾಕ್ಕೊಂಡು ಕೂತಿದ್ದಾನೆ” ಎಂದಿದ್ದ.

ತಿಂಗಳಿಗೊಂದು ಭಾನುವಾರ ಊರಾಚೆಯ ವಿಮಾನದ ಹಳೆಯ ಓಡುಹಾದಿಯಲ್ಲಿ ರೇಸು. ವಿಮಾನ ಇಳಿಯುವುದು ಎಂದೋ ನಿಂತಿತ್ತು. ಕಬ್ಬಿಣದ ಪೈಪುಗಳ ಮೇಲೆ ಹಲಗೆ ಹೊಡೆದು ನೋಡುವವರಿಗೆ ಮೆಟ್ಟಿಲು ಕಟ್ಟಿದ್ದರು. ರೈಟಪ್ಪ ಮೊದಲ ದಿನ ಅಲ್ಲಿ ಕೂತು, ನೀರಿನ ಬಾಟಲಿಯನ್ನು ತೊಡೆಯ ನಡುವೆ ಇಟ್ಟುಕೊಂಡು, ಇನ್ನೇನು ದೊಡ್ಡ ಆಟ ನೋಡಲಿದ್ದೇನೆ ಎಂದು ಕಾದ. ಎರಡು ಕಾರು ಬಂದವು, ಗುರುಗುಟ್ಟಿದವು, ಹೋದವು. ಅವನು ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಇಷ್ಟೇನಾ?” ಎಂದು ಪಕ್ಕದವನನ್ನು ಕೇಳಿದ.

ಪಕ್ಕದವನು ಕಟಿಂಗ್ ಅಂಗಡಿ ಇಟ್ಟವನು. ಒಂದು ರೇಸೂ ತಪ್ಪಿಸದವನು. “ಇಷ್ಟೇ ಯಜಮಾನ್ರೇ. ನೇರ ದಾರಿ, ಇಬ್ರೇ ಇಬ್ರು. ಆ ಕಂಬದಲ್ಲಿ ಹಳದಿ ಮೇಲೆ ಹಳದಿ ದೀಪ ಬರುತ್ತೆ, ಆಮೇಲೆ ಹಸಿರು. ಹಸಿರಿಗೆ ಮುಂಚೆ ಹೊರಟ್ರೆ ಔಟು. ತಡವಾಗಿ ಹೊರಟ್ರೆ ಗಾಡಿ ಎಷ್ಟು ಚೆನ್ನಾಗಿದ್ರೂ ಅಷ್ಟೇ. ಕತ್ತಿ ಹಿಡಿದ ಕೈ ಇದ್ದ ಹಾಗೆ, ಒಂದು ಚೂರು ಆ ಕಡೆ ಈ ಕಡೆ ಆದ್ರೆ ಗಿರಾಕಿ ಕಿವಿ ಹೋಯ್ತು.”

ಓಡುವ ಮೊದಲು ಕಾರುಗಳು ನಿಂತಲ್ಲೇ ಚಕ್ರ ತಿರುಗಿಸಿ ಟೈರು ಬಿಸಿ ಮಾಡಿಕೊಳ್ಳುತ್ತಿದ್ದವು. ಬಿಳಿ ಹೊಗೆ ಎದ್ದು ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಟೈರು ಹಾಳಾಗುವುದನ್ನು ರೈಟಪ್ಪನಿಗೆ ನೋಡಲಾಗುತ್ತಿರಲಿಲ್ಲ. “ನಮ್ಮ ಡಿಪೋದಲ್ಲಿ ಹೀಗೆ ಟೈರ್ ಸುಟ್ಟಿದ್ರೆ ಮೆಮೋ ಕೊಟ್ಟು ಮನೆಗೆ ಕಳಿಸ್ತಿದ್ರು” ಎಂದ. ಹಿಂದೆ ಕೂತವರು ನಕ್ಕರು. ಅಷ್ಟರಲ್ಲಿ ತಡವಾಗಿ ಬಂದವರು ಮೆಟ್ಟಿಲಲ್ಲಿ ನಿಂತಿದ್ದನ್ನು ಕಂಡು ಅವನು ಎದ್ದು, “ಒಳಗೆ ನಡೀರಿ, ಒಳಗೆ ನಡೀರಿ, ಮಧ್ಯೆ ಜಾಗ ಇದೆ” ಎಂದು ಎಲ್ಲರನ್ನೂ ಒತ್ತರಿಸಿ ಕೂರಿಸಿದ. ಆವತ್ತು ಮಗಳು ಗೇರು ತಪ್ಪಿ ಸೋತಳು. ಆದರೆ ನಗುತ್ತಲೇ ಬಂದಳು.

ಎರಡನೆಯ ಭಾನುವಾರ ಆ ಎಡವಟ್ಟು ಆದದ್ದು.

ಮಗಳ ಕಾರು ಗೆರೆಗೆ ಬಂದು ನಿಂತಿತ್ತು. ಪಕ್ಕದ ಕಾರಿನವನು ಟೈರು ಸುಟ್ಟ ಹೊಗೆ ಗಾಳಿಗೆ ಹೊರಳಿ ಅವಳ ಕಾರನ್ನು ಪೂರ್ತಿ ಮುಚ್ಚಿತು. ಕಾರಿನ ಹಿಂದೆ ಯಾರಿದ್ದಾರೆ, ಏನಿದೆ, ಒಂದೂ ಕಾಣದು. ಅಷ್ಟರಲ್ಲೇ ಕಂಬದಲ್ಲಿ ಹಳದಿ ಹತ್ತಿತು. ಹಿಂದೆ ಕಾಣದಿದ್ದರೆ ಗಾಡಿ ಬಿಡಬಾರದು ಎಂಬುದು ಅವನ ರಕ್ತದಲ್ಲಿ ಇಳಿದ ಮಾತು. ಕೈ ಯಾವಾಗ ಜೇಬಿಗೆ ಹೋಯಿತೋ, ವಿಶಲ್ ಯಾವಾಗ ತುಟಿಗೆ ಬಂತೋ ಅವನಿಗೇ ತಿಳಿಯದು. ಡೀಸೆಲ್ ಇಂಜಿನ್ನಿನ ಅಬ್ಬರವನ್ನು ಸೀಳಿ ಅಷ್ಟು ವರ್ಷ ಮುಂದಿನ ಸೀಟಿಗೆ ಮುಟ್ಟುತ್ತಿದ್ದ ಸದ್ದು ಅದು. ಗಾಜಿಲ್ಲದ ಕಿಟಕಿಯೊಳಗೆ ಸೂಜಿಯ ಹಾಗೆ ಹೊಕ್ಕಿತು.

ಒಂದೇ ವಿಶಲ್.

ಹಸಿರು ಬಂತು. ಪಕ್ಕದ ಕಾರು ಬಾಣದಂತೆ ಹೋಯಿತು. ಹೊಗೆ ಸರಿದಾಗ ಮಗಳ ಕಾರು ಗೆರೆಯ ಮೇಲೆಯೇ ಇತ್ತು, ಹಿಂದಿನ ಕೆಂಪು ದೀಪ ಉರಿಯುತ್ತಿತ್ತು. ಬ್ರೇಕು ಒತ್ತಿ ನಿಂತಿದ್ದಳು.

ಕಟಿಂಗ್ ಅಂಗಡಿಯವನು ಮೆಲ್ಲಗೆ ತಿರುಗಿ ಅವನ ಬಾಯಲ್ಲಿದ್ದ ವಿಶಲ್ ನೋಡಿದ. “ಯಜಮಾನ್ರೇ, ಇದೇನು ಸ್ಟಾಪು ಬಂತಾ?” ಎಂದ. ರೈಟಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಗಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಮೇಸ್ತ್ರಿ “ಕಾಲು ಯಾಕಮ್ಮ ಹಾಗೆ ಹೂತುಹೋಯ್ತು?” ಎಂದಾಗ, “ಏನೋ ಸದ್ದಾಯ್ತು” ಎಂದಳೇ ಹೊರತು ಅಪ್ಪನನ್ನು ಬಿಟ್ಟುಕೊಡಲಿಲ್ಲ. ಮನೆಗೆ ಬಂದ ರೈಟಪ್ಪ ವಿಶಲ್ಲನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಹೆಂಡತಿ, “ಇನ್ನು ನೀವು ರೇಸಿಗೆ ಹೋಗ್ಲೇಬೇಡಿ. ಟಿ.ವಿ. ಮುಂದೆ ಕೂತು ಊದಿ, ಯಾರೂ ನಿಲ್ಲಲ್ಲ” ಎಂದಳು.

ಮೂರನೆಯ ಭಾನುವಾರ ಅವನು ಖಾಲಿ ಜೇಬಿನಲ್ಲಿ ಹೋಗಿ ಕೈಕಟ್ಟಿ ಕೂತ. ಆದರೂ ಮಗಳು ಸೋತಳು. ಹೊಗೆ ಇರಲಿಲ್ಲ, ಗೇರೂ ತಪ್ಪಲಿಲ್ಲ. ಹಸಿರು ಬಂದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾರು ನಿಂತೇ ಇತ್ತು. “ನಿಮ್ಮ ಮಗಳು ಯಾರ್ನೋ ಹತ್ತಿಸ್ಕೊಳ್ಳೋಕೆ ಕಾಯೋ ಹಾಗಿದೆ” ಎಂದು ಕಟಿಂಗ್ ಅಂಗಡಿಯವನು ತಲೆ ಕೆರೆದ.

ಆ ಮಾತು ರೈಟಪ್ಪನ ತಲೆಯಲ್ಲಿ ಕೂತಿತು. ಆ ವಾರ ಕೆಲಸವಿಲ್ಲದಿದ್ದರೂ ಮಗಳ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಅವನ ಜಾಗಕ್ಕೆ ಹೊಸ ಕಂಡಕ್ಟರ್ ಬಂದಿದ್ದ. ಒಂದೊಂದು ಸ್ಟಾಪಿನಲ್ಲೂ ಎರಡು ವಿಶಲ್ ಬರುತ್ತಿತ್ತು, ಮಗಳು ತಲೆ ತಿರುಗಿಸಿ ಎಡಗಡೆಯ ಕನ್ನಡಿಗೆ ಒಮ್ಮೆ ಕಣ್ಣು ಹಾಯಿಸಿ ಬಸ್ಸು ಬಿಡುತ್ತಿದ್ದಳು. ಆ ತಲೆ ತಿರುಗಿಸುವುದನ್ನು ಅವನು ಓಡುಹಾದಿಯಲ್ಲೂ ನೋಡಿದ್ದ. ಅಲ್ಲಿ ಎಡಗಡೆ ಇದ್ದದ್ದು ಜನ ಕೂತ ಮೆಟ್ಟಿಲು.

ಟ್ರಿಪ್ ಮುಗಿದು ಡಿಪೋದಲ್ಲಿ ಚಹಾ ಕುಡಿಯುವಾಗ ಕೇಳಿದ: “ಗೆರೆ ಮೇಲೆ ನಿಂತಾಗ ಕನ್ನಡಿ ಯಾಕೆ ನೋಡ್ತೀಯಾ ಪುಟ್ಟಿ?”

“ನೋಡ್ತೀನಾ?”

“ನೋಡ್ತೀಯ.”

ಅವಳು ಲೋಟವನ್ನು ಎರಡು ಕೈಯಲ್ಲಿ ಹಿಡಿದಳು. “ಮತ್ತೆ ಎಲ್ಲಿ ನಿನ್ನ ವಿಶಲ್ ಬರುತ್ತೋ ಅಂತ ಕಿವಿ ಆ ಕಡೇನೇ ಇರುತ್ತಪ್ಪ.”

“ಅದು ಮನೇಲಿ ಮೊಳೆ ಮೇಲೈತಲ್ಲೇ. ಅಮ್ಮನ್ನ ಕೇಳು ಬೇಕಾದ್ರೆ.”

“ಅದು ನಂಗೊತ್ತು. ನನ್ನ ಕಾಲಿಗೆ ಗೊತ್ತಿಲ್ವಲ್ಲ.”

ರೈಟಪ್ಪ ಚಹಾದ ಲೋಟ ಕೆಳಗಿಟ್ಟ. ಆ ಕಾಲನ್ನು ಹಾಗೆ ಪಳಗಿಸಿದವನೇ ತಾನು. ಮುದುಕಿಯರು, ಮಕ್ಕಳು, ಮೂಟೆ ಹೊತ್ತವರು ಬೀಳದೆ ಇಳಿದರಲ್ಲ, ಅದು ಸುಳ್ಳಲ್ಲ. ಆದರೆ ಈ ಕಾರಿಗೆ ಹಿಂದಿನ ಬಾಗಿಲೇ ಇಲ್ಲ.

ಸೀಸನ್ನಿನ ಕೊನೆಯ ಭಾನುವಾರ ಕಾರು ಸರದಿಯಲ್ಲಿ ನಿಂತಿದ್ದಾಗ ಅವನು ತಂತಿಬೇಲಿಯ ಹತ್ತಿರ ಮಗಳನ್ನು ಕರೆದ. ಜೇಬಿನಿಂದ ವಿಶಲ್ ತೆಗೆದ. ಅವಳ ಮುಖ ಬಿಳಿಚಿತು. ಪಕ್ಕದಲ್ಲಿದ್ದ ಮೇಸ್ತ್ರಿ ವಿಶಲ್ಲನ್ನೂ ರೈಟಪ್ಪನನ್ನೂ ನೋಡಿ, “ಓಹೋ, ಆ ಸದ್ದು ಇದಾ?” ಎಂದ.

“ಹೂಂ, ಇದೇ. ತಪ್ಪು ನಂದು” ಎಂದ ರೈಟಪ್ಪ. ದಾರವನ್ನು ಬೇಲಿಯ ಕಣ್ಣಿನಿಂದ ತೂರಿಸಿ ಮಗಳ ಕೈಗೆ ಕೊಟ್ಟ. “ಕುತ್ತಿಗೆಗೆ ಹಾಕ್ಕೊ. ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ. ನಿಲ್ಲು ಅನ್ನೋಳೂ ನೀನೇ, ರೈಟ್ ಅನ್ನೋಳೂ ನೀನೇ. ಹಿಂದುಗಡೆ ಯಾರೂ ಇಲ್ಲ, ನಾನೂ ಇಲ್ಲ. ನಾನು ಬರೀ ಟಿಕೆಟ್ ತಗೊಂಡು ಕೂತಿರೋ ಪ್ಯಾಸೆಂಜರ್.”

“ಅಪ್ಪಾ, ಇದಿಲ್ದೆ ನಿಂಗೆ…”

“ಜೇಬು ಹಗುರ ಆಯ್ತು. ಹೋಗು, ಕರೀತಿದ್ದಾರೆ.”

ಅವನು ಮೆಟ್ಟಿಲು ಹತ್ತಿ ಬಂದಾಗ ಕಟಿಂಗ್ ಅಂಗಡಿಯವನ ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಎಂದೂ ಬಾರದವಳು. “ಕೈ ತೋರಿಸಿ” ಎಂದಳು. ತೋರಿಸಿದ. “ಜೇಬು?” ಅದನ್ನೂ ತೋರಿಸಿದ. “ಸರಿ, ಕೂತ್ಕೊಳ್ಳಿ.”

ಈ ಸುತ್ತು ಗೆದ್ದರೆ ಕೊನೆಯ ಎಂಟು. ಸೋತರೆ ಮೇಸ್ತ್ರಿಯ ಅಕ್ಕನ ಮಗ. ಮಗಳ ಕಾರು ಗೆರೆಗೆ ಬಂತು. ಪಕ್ಕದ ಕಾರಿನ ಹೊಗೆ ಈ ಸಲವೂ ಎದ್ದು ಅವಳ ಕಡೆಗೇ ಹೊರಳಿತು. ಹಳದಿ ಹತ್ತಿತು. ರೈಟಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲಿ ಬರೀ ಬಟ್ಟೆ ಸಿಕ್ಕಿತು. ಅವನು ಅದನ್ನೇ ಮುದುಡಿ ಹಿಡಿದ. ಕಿಟಕಿಯಲ್ಲಿ ಕಂಡ ಹೆಲ್ಮೆಟ್ಟು ಎಡಕ್ಕೆ ತಿರುಗಲಿಲ್ಲ. ಹಸಿರು ಬಂದದ್ದೂ ಕಾರು ನೆಗೆದದ್ದೂ ಒಂದೇ ಆಯಿತು. ಹೊಗೆಯನ್ನು ಹರಿದುಕೊಂಡು ಹೊರಬಂದದ್ದು ಮೊದಲು ಅವಳ ಕಾರಿನ ಮೂತಿ.

“ಮುಂದೆ ಹೋಯ್ತು, ಮುಂದೆ ಹೋಯ್ತು” ಎನ್ನುತ್ತ ಕಟಿಂಗ್ ಅಂಗಡಿಯವನು ಎದ್ದು ನಿಂತೇಬಿಟ್ಟ. ಗೆದ್ದವರನ್ನು ತೋರಿಸುವ ದೂರದ ಫಲಕದಲ್ಲಿ ಅವಳ ಸಾಲಿನ ದೀಪ ಬೆಳಗಿತು.

“ಮುಗೀತಾ?” ಎಂದು ಹೆಂಡತಿ ಕೇಳಿದಳು. “ಇಷ್ಟಕ್ಕೇನಾ ನೀವು ಬೆಳಿಗ್ಗೆಯಿಂದ ಊಟ ಬಿಟ್ಟಿದ್ದು?”

ಓಡಿದ ಕಾರುಗಳು ಮರಳುವ ದಾರಿ ಮೆಟ್ಟಿಲಿನ ಮುಂದೆಯೇ ಹಾಯುತ್ತದೆ. ಮಗಳು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಬಂದಳು. ಮೆಟ್ಟಿಲಿನ ಎದುರು ಬಂದಾಗ ಕುತ್ತಿಗೆಯ ದಾರ ಎಳೆದು ಎರಡು ಸಲ ವಿಶಲ್ ಊದಿದಳು. ರೈಟಪ್ಪನಿಗೆ ಉತ್ತರ ಕೊಡಲು ವಿಶಲ್ ಇರಲಿಲ್ಲ. ವಿಶಲ್ ಇಲ್ಲದ ದಿನ ಕಂಡಕ್ಟರುಗಳು ಬಸ್ಸಿನ ಮೈ ತಟ್ಟುವಂತೆ, ಮುಂದಿದ್ದ ಕಬ್ಬಿಣದ ಪೈಪನ್ನು ಅಂಗೈಯಿಂದ ಎರಡು ಸಲ ತಟ್ಟಿದ. ಹಿಂದಿನ ಸಾಲಿನವರೂ ತಟ್ಟಿದರು.

ಮುಂದಿನ ಸುತ್ತಿನಲ್ಲಿ ಅವಳು ಕೂದಲೆಳೆಯ ಅಂತರದಲ್ಲಿ ಸೋತಳು. ರೈಟಪ್ಪ ಬೇಲಿಯ ಹತ್ತಿರ ಹೋದಾಗ ಮೇಸ್ತ್ರಿ ಕಾರಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ಅವನ ದನಿ ಬಂತು: “ಯಜಮಾನ್ರೇ, ಮುಂದಿನ ವರ್ಷಕ್ಕೆ ಕ್ಲಚ್ ಬದಲಾಯಿಸ್ಬೇಕು. ನಿಮ್ಮ ಮಗಳ ಕಾಲಿಗೆ ಈ ಕ್ಲಚ್ ಸಾಲಲ್ಲ.”

“ರೈಟ್” ಎಂದ ರೈಟಪ್ಪ.